ಬೆಳ್ಳಿ ಗೆರೆ ಎಲ್ಲಿಂದ ಬಂತು? ಪಾಲಿಕಾರ್ಬೊನೇಟ್ ಮೌಲ್ಡಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಮೌಲ್ಡ್ (ಅಚ್ಚು) ತೆರೆದು ಪಾರ್ಟ್ ಕೈಗೆ ಬರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಬಸವನಹುಳು ಹರಿದು ಹೋದ ಜಾಡಿನಂಥ ಬೆಳ್ಳಿ ಎಳೆಗಳು ಕಾಣುತ್ತವೆ. ಶಾಪಿನಲ್ಲಿ ಇದಕ್ಕೆ ಸಿಲ್ವರ್ ಮಾರ್ಕ್ ಅನ್ನುತ್ತೇವೆ. ಕಂಡ ಕೂಡಲೇ ಕೈ ಹೋಗುವುದು ಎರಡು ಕಡೆಗೆ: ಪ್ಲಾಸ್ಟಿಕ್ ಕಾಳನ್ನು ಒಣಗಿಸುವ ಡ್ರೈಯರ್ ಹತ್ತು ಡಿಗ್ರಿ ಏರಿಸು, ಇಲ್ಲವೇ ಅದನ್ನು ಕರಗಿಸುವ ಬ್ಯಾರೆಲ್ ಹತ್ತು ಡಿಗ್ರಿ ಇಳಿಸು. ಒಮ್ಮೊಮ್ಮೆ ಗೆರೆ ಹೋಗಿಯೂ ಬಿಡುತ್ತದೆ. ಯಾಕೆ ಹೋಯಿತು ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಮುಂದಿನ ವಾರ ಮತ್ತೆ ಬರುತ್ತದೆ.

ಇಲ್ಲಿ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ, ಪಾರದರ್ಶಕ ಪ್ಲಾಸ್ಟಿಕನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ. ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್‌ನಲ್ಲಿ ತೇವದಿಂದ ಬಂದ ಗೆರೆ ಬಹುಪಾಲು ಚೆಂದ ಕೆಡಿಸುವ ವಿಷಯ. ಪಾಲಿಕಾರ್ಬೊನೇಟ್‌ನಲ್ಲಿ ಹಾಗಲ್ಲ, ಅಲ್ಲಿ ಗೆರೆ ಕಾಣುವ ಹೊತ್ತಿಗೆ ಒಳಗಿನ ಬಲವೂ ಹೋಗಿರಬಹುದು. ಗೆರೆ ಕಾಣದೆಯೂ ಬಲ ಹೋಗಿರಬಹುದು ಅನ್ನುವುದು ಇನ್ನೂ ಕೆಟ್ಟ ಸಂಗತಿ.

ಗೆರೆ ಅಂದರೆ ಒಡೆದ ಗುಳ್ಳೆ. ಕರಗಿದ ಪ್ಲಾಸ್ಟಿಕ್‌ನಲ್ಲಿ ಅಡಗಿದ ಅನಿಲ ಬ್ಯಾರೆಲ್ ಒಳಗಿನ ಒತ್ತಡದಲ್ಲಿ ಸುಮ್ಮನಿರುತ್ತದೆ. ಮೌಲ್ಡಿನ ಬಾಯಾದ ಗೇಟ್ ದಾಟಿ ಒಳಗಿನ ಖಾಲಿ ಕುಹರಕ್ಕೆ ಬಂದಾಗ ಒತ್ತಡ ಇಳಿದು ಉಬ್ಬುತ್ತದೆ. ಹರಿವಿನ ಮುಂಚೂಣಿ ನಡುವಿನಿಂದ ಗೋಡೆಯ ಕಡೆಗೆ ಮಗುಚಿಕೊಳ್ಳುತ್ತಾ ಸಾಗುವುದರಿಂದ ಗುಳ್ಳೆಯೂ ಗೋಡೆಗೆ ಬಂದು ಒಡೆದು, ತಣ್ಣನೆಯ ಉಕ್ಕಿನ ಮೇಲೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಆ ಅನಿಲ ಯಾವುದು? ನೀರಿನ ಆವಿಯೋ, ಮಾಲೇ ಬೆಂದು ಬಿಟ್ಟ ಅನಿಲವೋ, ಬ್ಯಾರೆಲ್ ಒಳಗೆ ತಿರುಗಿ ಮಾಲು ತಳ್ಳುವ ಸ್ಕ್ರೂ ಜೊತೆ ಸೇರಿಕೊಂಡ ಗಾಳಿಯೋ? ಇದು ತಿಳಿಯುವ ತನಕ ಒಂದು ಸೆಟ್ಟಿಂಗ್ ಕೂಡ ಬದಲಿಸಬೇಡಿ ಅನ್ನುವುದೇ ನನ್ನ ಮಾತು. ಬದಲಿಸಿದರೆ ಸಾಕ್ಷಿ ಅಳಿಸಿಹೋಗುತ್ತದೆ.

ಮೊದಲು ಸಾಲಾಗಿ ಇಪ್ಪತ್ತು ಪಾರ್ಟ್

ಒಂದೇ ಪಾರ್ಟ್ ನೋಡಿ ತೀರ್ಮಾನಿಸಬಾರದು. ಬಿಡದೆ ಬಂದ ಇಪ್ಪತ್ತು ಶಾಟ್ (ಮೌಲ್ಡಿಗೆ ಒಂದು ಸಲ ಮಾಲು ತುಂಬಿದರೆ ಒಂದು ಶಾಟ್) ತೆಗೆದುಕೊಂಡು, ಮಾರ್ಕರ್‌ನಲ್ಲಿ ನಂಬರ್ ಹಾಕಿ, ಮೇಜಿನ ಮೇಲೆ ಕ್ರಮವಾಗಿ ಜೋಡಿಸಿ. ಗೆರೆ ಪ್ರತಿ ಪಾರ್ಟಿನಲ್ಲೂ ಅದೇ ಜಾಗದಲ್ಲಿದೆಯೋ, ಅಲೆಯುತ್ತಿದೆಯೋ ನೋಡಿ. ನೀರಿನ ಗೆರೆ ಸಾಮಾನ್ಯವಾಗಿ ಮೈತುಂಬ ಹರಡಿರುತ್ತದೆ, ಜಾಗ ಬದಲಿಸುತ್ತಿರುತ್ತದೆ. ಲೆನ್ಸ್ ಇಟ್ಟು ನೋಡಿದರೆ ಹಲವು ಸಲ ಇಂಗ್ಲಿಷಿನ ಯು ಅಕ್ಷರದ ಆಕಾರ ಸಿಗುತ್ತದೆ. ಗೇಟಿನ ಬಾಯಲ್ಲೇ ಶುರುವಾಗಿ ಬೀಸಣಿಗೆಯಂತೆ ಬಿಚ್ಚಿಕೊಂಡರೆ, ಅದೂ ಪ್ರತಿ ಸಲ ಅದೇ ಜಾಗದಲ್ಲಿ, ಅನುಮಾನ ಗೇಟಿನ ಉಜ್ಜಾಟದ ಮೇಲೆ ಅಥವಾ ಬ್ಯಾರೆಲ್ಲಿನ ಬಾಯಾದ ನಾಝಲ್ ತುದಿಯಲ್ಲಿ ಸೇರಿಕೊಂಡ ಗಾಳಿಯ ಮೇಲೆ. ಬೆಳ್ಳಿಯ ಜೊತೆ ಕಂದು ಬಣ್ಣ ಬೆರೆತಿದ್ದರೆ ಮಾಲು ಬೆಂದಿದೆ.

ಇವು ಸುಳಿವುಗಳು ಮಾತ್ರ, ತೀರ್ಪಲ್ಲ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಗೆರೆಗಳಿಗೆ ಬೇರೆ ಬೇರೆ ಕಾರಣ ಇದ್ದದ್ದನ್ನು ಸಾಕಷ್ಟು ಸಲ ನೋಡಿದ್ದೇನೆ. ಜೊತೆಗೆ ಇನ್ನೊಂದನ್ನು ಬರೆದಿಟ್ಟುಕೊಳ್ಳಿ: ಗೆರೆ ಶುರುವಾದ ಹೊತ್ತು. ಶಿಫ್ಟ್ ಶುರುವಾದಾಗಲೇ ಇತ್ತೇ, ಎರಡು ಗಂಟೆ ಕಳೆದ ಮೇಲೆ ಬಂತೇ, ಮೆಷಿನ್ ನಿಲ್ಲಿಸಿ ಮತ್ತೆ ಓಡಿಸಿದಾಗ ಮಾತ್ರ ಬರುತ್ತದೆಯೇ? ಎಷ್ಟೋ ಸಲ ಉತ್ತರ ಈ ಹೊತ್ತಿನಲ್ಲೇ ಇರುತ್ತದೆ.

ಪರ್ಜ್ ಏನು ಹೇಳುತ್ತದೆ

ನಾಝಲ್ ಹಿಂದಕ್ಕೆ ಸರಿಸಿ, ಗಾಳಿಗೆ ಒಂದು ಶಾಟ್ ಬಿಡಿ, ಇದೇ ಪರ್ಜ್. ಮುಖಕ್ಕೆ ಶೀಲ್ಡ್, ಕೈಗೆ ದಪ್ಪ ಗ್ಲೌಸ್ ಇರಲಿ. ನಾಝಲ್ ಎದುರಿಗೆ ನಿಲ್ಲಬೇಡಿ, ತೇವದ ಮಾಲು ಸಿಡಿಯುತ್ತದೆ. ಒಣಗಿದ ಪಾಲಿಕಾರ್ಬೊನೇಟ್ ಗಾಜಿನ ಕಡ್ಡಿಯಂತೆ, ನುಣುಪಾಗಿ, ಆರಪಾರ ಕಾಣುವಂತೆ ಇಳಿಯುತ್ತದೆ. ತೇವವಿದ್ದರೆ ಎಳೆ ಉಬ್ಬುತ್ತದೆ, ಒಳಗೆ ಸಾಸಿವೆಯಷ್ಟು ಗುಳ್ಳೆಗಳು ಒತ್ತೊತ್ತಾಗಿ ಕಾಣುತ್ತವೆ, ಸಣ್ಣಗೆ ಚಟಚಟ ಸದ್ದು ಬರುತ್ತದೆ. ಎಳೆ ನುಣುಪಾಗಿಯೇ ಇದ್ದು ಆಗೊಮ್ಮೆ ಈಗೊಮ್ಮೆ ಟಪ್ ಅಂತ ದೊಡ್ಡ ಗುಳ್ಳೆ ಒಡೆದರೆ ಅದು ಹೆಚ್ಚಾಗಿ ಗಾಳಿ.

ಒಂದು ಎಚ್ಚರಿಕೆ. ಪರ್ಜ್ ಸ್ವಚ್ಛವಾಗಿ ಬಂತು ಅಂದಮಾತ್ರಕ್ಕೆ ನೀರು ನಿರಪರಾಧಿ ಅನ್ನುವಂತಿಲ್ಲ. ಪಾಲಿಕಾರ್ಬೊನೇಟ್‌ಗೆ ತೇವದ ಮಿತಿ ಶೇ. 0.02. ಮಿತಿಗಿಂತ ಸ್ವಲ್ಪವೇ ಹೆಚ್ಚಿದ್ದರೆ ನೊರೆ ಬರುವುದಿಲ್ಲ, ಹಾನಿ ಮಾತ್ರ ನಡೆಯುತ್ತಲೇ ಇರುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಇದು ಜೀವದ ಪ್ರಶ್ನೆ. ಬ್ಯಾರೆಲ್ ಸ್ವಚ್ಛ ಮಾಡುವಾಗ ಪಿವಿಸಿ ಮತ್ತು ಅಸೆಟಾಲ್ ಅನ್ನುವ ಎರಡು ಪ್ಲಾಸ್ಟಿಕ್‌ಗಳನ್ನು ಎಂದೂ ಸೇರಿಸಬೇಡಿ. ಪಿವಿಸಿ ಬೆಂದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಆ ಆಮ್ಲ ಅಸೆಟಾಲನ್ನು ಒಡೆದು ಫಾರ್ಮಾಲ್ಡಿಹೈಡ್ ಅನಿಲವನ್ನು ಒಮ್ಮೆಲೇ ಬಿಡಿಸುತ್ತದೆ. ಬ್ಯಾರೆಲ್ ಸಿಡಿಯುವಷ್ಟು ಒತ್ತಡ ಹುಟ್ಟಬಹುದು.

ನೀರೇ ಹೌದೋ ಅಲ್ಲವೋ

ಇದನ್ನು ಖಚಿತಪಡಿಸುವ ಪರೀಕ್ಷೆಗೆ ಅರ್ಧ ದಿನ ಹೋಗುತ್ತದೆ, ಆದರೂ ನನಗೆ ಇದರ ಮೇಲೇ ನಂಬಿಕೆ ಹೆಚ್ಚು. ಅದೇ ಲಾಟಿನ ಐದು ಕಿಲೋ ಕಾಳನ್ನು ತಟ್ಟೆಯಲ್ಲಿ ಒಂದು ಅಂಗುಲಕ್ಕಿಂತ ದಪ್ಪವಾಗದಂತೆ ಹರಡಿ, ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ ಒಣಗಿಸಿ. ಬಿಸಿಬಿಸಿಯಾಗಿಯೇ ತಂದು, ಮೆಷಿನ್ ಮೇಲಿನ ಕಾಳಿನ ತೊಟ್ಟಿಯಾದ ಹಾಪರ್ ಖಾಲಿ ಮಾಡಿ, ಕಾಳು ಬ್ಯಾರೆಲ್ಲಿಗೆ ಇಳಿಯುವ ಮೆಷಿನ್ ಗಂಟಲಿಗೆ ನೇರವಾಗಿ ಹಾಕಿ ಮುಚ್ಚಿ. ಬೇರೆ ಯಾವ ಸೆಟ್ಟಿಂಗೂ ಬದಲಾಗಬಾರದು. ಹಳೆಯ ಮಾಲು ಪೂರ್ತಿ ಹೊರಹೋದ ಮೇಲೆ ಬಂದ ಪಾರ್ಟಿನಲ್ಲಿ ಗೆರೆ ಇಲ್ಲವೆಂದರೆ ಕಾರಣ ನೀರು. ಗೆರೆ ಹಾಗೇ ಇದ್ದರೆ ಡ್ರೈಯರ್ ಸುತ್ತ ತಿರುಗುವುದನ್ನು ಬಿಟ್ಟು ಬ್ಯಾರೆಲ್ ಕಡೆ ಬನ್ನಿ.

ಅಷ್ಟು ಹೊತ್ತಿಲ್ಲದವರಿಗೆ ಗಾಜಿನ ಪಟ್ಟಿಯ ಪರೀಕ್ಷೆ ಇದೆ. ಇದಕ್ಕೆ ಟೊಮಾಸೆಟ್ಟಿ ಪರೀಕ್ಷೆ ಅಂತ ಹೆಸರು. ಸೂಕ್ಷ್ಮದರ್ಶಕದ ಎರಡು ಸ್ಲೈಡುಗಳನ್ನು ಸುಮಾರು 270 ಡಿಗ್ರಿಯ ಹಾಟ್ ಪ್ಲೇಟ್ ಮೇಲೆ ಕಾಯಿಸಿ. ಒಂದರ ಮೇಲೆ ನಾಲ್ಕೈದು ಕಾಳು ಇಟ್ಟು, ಇನ್ನೊಂದನ್ನು ಮೇಲಿಟ್ಟು, ಮರದ ಕಡ್ಡಿಯಿಂದ ಕಾಳು ಗುಂಡಿಯಂತೆ ಚಪ್ಪಟೆಯಾಗುವ ತನಕ ಒತ್ತಿ. ತೆಗೆದು ಬೆಳಕಿಗೆ ಹಿಡಿಯಿರಿ. ಒಂದೆರಡು ಗುಳ್ಳೆ ಒತ್ತುವಾಗ ಸಿಕ್ಕಿಕೊಂಡ ಗಾಳಿಯಿರಬಹುದು. ಕಾಳಿನ ತುಂಬ ಗುಳ್ಳೆಗಳಿದ್ದರೆ ತೇವ. ಕಾಳನ್ನು ಡ್ರೈಯರಿನಿಂದಲ್ಲ, ಮೆಷಿನ್ ಗಂಟಲಿನಿಂದ ತೆಗೆಯಿರಿ. ಎರಡೂ ಕಡೆಯಿಂದ ತೆಗೆದು ಹೋಲಿಸಿದರೆ ಇನ್ನೂ ಒಳ್ಳೆಯದು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದಕ್ಕೆ ನಾನೇ ಸಿಕ್ಕಿಹಾಕಿಕೊಂಡ ಒಂದು ಪ್ರಕರಣ ಇದೆ.

ಪಾರದರ್ಶಕ ಮುಚ್ಚಳ, ಶಾಟ್ ತೂಕ 30 ಗ್ರಾಂ, ಸೈಕಲ್ 40 ಸೆಕೆಂಡ್. ಡ್ರೈಯರ್ 120 ಡಿಗ್ರಿ, ಡ್ಯೂ ಪಾಯಿಂಟ್ (ಗಾಳಿಯ ತೇವ ಹನಿಯಾಗುವ ಉಷ್ಣತೆ, ಕಡಿಮೆಯಿದ್ದಷ್ಟೂ ಗಾಳಿ ಒಣ) ಮೀಟರ್ ಮೈನಸ್ 40 ತೋರಿಸುತ್ತಿತ್ತು. ಬೆಳಿಗ್ಗೆ ಮೊದಲ ಒಂದು ಗಂಟೆ ಪಾರ್ಟ್ ಕನ್ನಡಿಯಂತೆ ಬರುತ್ತಿತ್ತು. ಆಮೇಲೆ ಮೆಲ್ಲಗೆ ಗೆರೆ ಶುರು, ಮಧ್ಯಾಹ್ನದ ಹೊತ್ತಿಗೆ ಪ್ರತಿ ಪಾರ್ಟಿನಲ್ಲೂ ಗೆರೆ. ಮೆಷಿನ್ ಕಾದ ಮೇಲೆ ಬರುತ್ತಿದೆ, ಹಾಗಾದರೆ ಬ್ಯಾರೆಲ್ ಬಿಸಿ ಹೆಚ್ಚಾಗುತ್ತಿದೆ ಅಂತ ಎಲ್ಲರೂ ಒಪ್ಪಿದೆವು. ಎರಡು ದಿನ ಬ್ಯಾರೆಲ್ ಇಳಿಸುತ್ತಾ ಹೋದೆವು. ಪಾರ್ಟ್ ತುಂಬದೆ ಶಾರ್ಟ್ ಶಾಟ್ ಬರತೊಡಗಿತು, ಗೆರೆ ಮಾತ್ರ ಕದಲಲಿಲ್ಲ. ಮೂರನೆಯ ದಿನ ಗಂಟಲಿನ ಕಾಳನ್ನೂ ಡ್ರೈಯರಿನ ಕಾಳನ್ನೂ ಗಾಜಿನ ನಡುವೆ ಒತ್ತಿ ನೋಡಿದೆ. ಡ್ರೈಯರಿನದು ಶುಭ್ರ, ಗಂಟಲಿನದು ಗುಳ್ಳೆಮಯ. ಆಗ ಲೆಕ್ಕ ಹಾಕಿದೆ. ಗಂಟೆಗೆ 90 ಶಾಟ್, ಅಂದರೆ 2.7 ಕಿಲೋ ಖರ್ಚು. ಮೆಷಿನ್ ಮೇಲಿನ ಹಾಪರ್‌ನಲ್ಲಿ 12 ಕಿಲೋ ಹಿಡಿಯುತ್ತಿತ್ತು. ಡ್ರೈಯರಿನಿಂದ ಒಣಗಿ ಬಂದ ಕಾಳು ಮುಚ್ಚಳ ಸಡಿಲವಾಗಿದ್ದ ಆ ಹಾಪರಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕೂತು ಗಾಳಿಯ ತೇವವನ್ನು ಮತ್ತೆ ಹೀರುತ್ತಿತ್ತು. ಬೆಳಿಗ್ಗೆ ಚೆನ್ನಾಗಿ ಬರುತ್ತಿದ್ದದ್ದು ಆಗ ತಾನೇ ತುಂಬಿದ ಕಾಳು ಬೇಗ ಗಂಟಲಿಗಿಳಿಯುತ್ತಿದ್ದದ್ದರಿಂದ. ಲೆವೆಲ್ ಸೆನ್ಸರನ್ನು ಕೆಳಗಿಳಿಸಿ ಹಾಪರಿನಲ್ಲಿ ಒಂದು ಕಿಲೋಗಿಂತ ಹೆಚ್ಚು ನಿಲ್ಲದಂತೆ ಮಾಡಿ, ಮುಚ್ಚಳದ ಗ್ಯಾಸ್ಕೆಟ್ ಬದಲಿಸಿದೆವು. ಅದೇ ದಿನ ಗೆರೆ ಹೋಯಿತು. ಆ ಎರಡು ದಿನದ ಪಾರ್ಟುಗಳನ್ನು ಪೂರ್ತಿ ಬಿಸಾಡಬೇಕಾಯಿತು ಅನ್ನುವುದು ಇವತ್ತಿಗೂ ನೋವಿನ ವಿಷಯ.

ಡ್ರೈಯರಲ್ಲೇ ತಪ್ಪಿದ್ದರೆ

ಡಿಸ್‌ಪ್ಲೇ ತೋರಿಸುವ ಉಷ್ಣತೆಯನ್ನು ನಂಬಿ ಕೂರಬೇಡಿ. ಬಿಸಿ ಗಾಳಿ ಡ್ರೈಯರಿನ ಹಾಪರ್ ಒಳಗೆ ಹೋಗುವ ಬಾಯಲ್ಲಿ ಬೇರೆ ಥರ್ಮೋಮೀಟರ್ ಇಟ್ಟು ಅಳೆಯಿರಿ. ಹೋಸ್ ಉದ್ದವಾಗಿದ್ದು ಮೇಲೆ ಹೊದಿಕೆ ಇಲ್ಲದಿದ್ದರೆ ದಾರಿಯಲ್ಲೇ ಬಿಸಿ ಸೋರುತ್ತದೆ. ಆಮೇಲೆ ಫಿಲ್ಟರ್. ರೀಗ್ರೈಂಡ್ (ಮತ್ತೆ ಬಳಸಲು ಅರೆದ ಪ್ಲಾಸ್ಟಿಕ್) ಪುಡಿ ಕಟ್ಟಿದ ಫಿಲ್ಟರ್ ಇದ್ದರೆ ಉಷ್ಣತೆ ಸರಿ ಇರುತ್ತದೆ, ಗಾಳಿಯ ಹರಿವು ಇರುವುದಿಲ್ಲ, ಹಾಪರಿನ ಮೇಲ್ಭಾಗದ ಕಾಳು ತಣ್ಣಗೇ ಇರುತ್ತದೆ.

ಸಾದಾ ಹಾಟ್ ಏರ್ ಡ್ರೈಯರಿನಲ್ಲಿ ಪಾಲಿಕಾರ್ಬೊನೇಟ್ ಓಡಿಸುವವರು ಒಂದು ಲೆಕ್ಕ ತಿಳಿದಿರಬೇಕು. ಅದು ಹೊರಗಿನ ಗಾಳಿಯನ್ನು ಕಾಯಿಸುತ್ತದೆ ಅಷ್ಟೆ, ಅದರಲ್ಲಿರುವ ನೀರನ್ನು ತೆಗೆಯುವುದಿಲ್ಲ. ಡ್ಯೂ ಪಾಯಿಂಟ್ 25 ಡಿಗ್ರಿ ಇರುವ ಗಾಳಿ ಕಿಲೋಗೆ ಸುಮಾರು 20 ಗ್ರಾಂ ನೀರು ಹೊತ್ತಿರುತ್ತದೆ. ಮೈನಸ್ 40ರ ಗಾಳಿಯಲ್ಲಿ ಇರುವುದು 0.08 ಗ್ರಾಂ, ಅಂದರೆ ಇನ್ನೂರೈವತ್ತು ಪಟ್ಟು ಕಡಿಮೆ. ಅದೇ ಡ್ರೈಯರ್, ಅದೇ 120 ಡಿಗ್ರಿ, ಮಳೆ ಹಿಡಿದ ವಾರದಲ್ಲಿ ಮಾತ್ರ ಕೈಕೊಡುವುದು ಇದರಿಂದಲೇ.

ಗಾಳಿಯ ನೀರನ್ನೂ ಹೀರಿ ತೆಗೆಯುವ ಡೆಸಿಕೆಂಟ್ ಡ್ರೈಯರಿನಲ್ಲಿ ಡ್ಯೂ ಪಾಯಿಂಟ್ ಮೈನಸ್ 30ಕ್ಕಿಂತ ಕೆಳಗೆ ಇರಬೇಕು. ಏರುತ್ತಿದ್ದರೆ ಮೊದಲು ನೋಡಬೇಕಾದದ್ದು ಹಾಪರಿನಿಂದ ಹಿಂದಿರುಗುವ ಗಾಳಿಯ ಬಿಸಿ. ತೇವ ಹೀರುವ ಮಾಲಿಕ್ಯುಲರ್ ಸೀವ್ ತಣ್ಣಗಿದ್ದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಪಾಲಿಕಾರ್ಬೊನೇಟ್ 120 ಡಿಗ್ರಿಯಲ್ಲಿ ಒಣಗುವುದರಿಂದ, ಅದೂ ಖರ್ಚು ಕಡಿಮೆ ಇದ್ದರೆ, ಗಾಳಿ ಬಿಸಿಯಾಗಿಯೇ ಹಿಂದಿರುಗುತ್ತದೆ. ಆ ದಾರಿಯಲ್ಲಿರುವ ಕೂಲರ್‌ಗೆ ನೀರಿನ ವಾಲ್ವ್ ಯಾರೋ ಮುಚ್ಚಿದ್ದರೆ ಸೀವ್ ಹೊಸದಾಗಿದ್ದರೂ ಉಪಯೋಗವಿಲ್ಲ. ಸೀವ್ ಬದಲಿಸಲು ಹಣ ಖರ್ಚು ಮಾಡುವ ಮುಂಚೆ ಆ ವಾಲ್ವ್ ಮುಟ್ಟಿ ನೋಡಿ.

ಸಮಯದ ಲೆಕ್ಕವೂ ತಪ್ಪುತ್ತದೆ. 50 ಕಿಲೋ ಡ್ರೈಯಿಂಗ್ ಹಾಪರ್, ಗಂಟೆಗೆ 20 ಕಿಲೋ ಖರ್ಚು ಅಂದರೆ ಕಾಳಿಗೆ ಸಿಗುವುದು ಎರಡೂವರೆ ಗಂಟೆ. ಬೇಕಾದದ್ದು ಮೂರರಿಂದ ನಾಲ್ಕು. ಇಲ್ಲಿ ಉಷ್ಣತೆ ಏರಿಸಿ ಸರಿದೂಗಿಸುತ್ತೇನೆ ಅನ್ನುವುದು ಕೆಟ್ಟ ಉಪಾಯ. ಪಾಲಿಕಾರ್ಬೊನೇಟ್ 150 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ, ಅದರ ಹತ್ತಿರ ಹೋದಷ್ಟೂ ಕಾಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತದೆ.

ಮಾಲು ಬೇಯುತ್ತಿದ್ದರೆ

ಒಣ ಮಾಲು ಹಾಕಿದರೂ ಗೆರೆ ಹೋಗಲಿಲ್ಲ ಅಂದಾಗ ಮಾತ್ರ ಇಲ್ಲಿಗೆ ಬನ್ನಿ. ಪಾಲಿಕಾರ್ಬೊನೇಟ್ ಕರಗಿದ ಮಾಲಿನ ಉಷ್ಣತೆ ಸಾಮಾನ್ಯವಾಗಿ 280ರಿಂದ 320 ಡಿಗ್ರಿ. ಪರ್ಜ್ ಮುದ್ದೆಯೊಳಗೆ ಸೂಜಿ ಪ್ರೋಬ್ ಚುಚ್ಚಿ ಅಳೆಯಿರಿ, ಪ್ರೋಬನ್ನು ಮೊದಲೇ ಬಿಸಿ ಮಾಡಿಕೊಂಡಿರಿ, ಇಲ್ಲದಿದ್ದರೆ ಕಡಿಮೆ ತೋರಿಸುತ್ತದೆ. ಸೆಟ್ಟಿಂಗ್‌ಗಿಂತ ಇಪ್ಪತ್ತು ಡಿಗ್ರಿ ಮೇಲಿದ್ದರೆ ಥರ್ಮೋಕಪಲ್ ತನ್ನ ಗುಳಿಯೊಳಗೆ ತಳದವರೆಗೆ ಕೂತಿದೆಯೇ ನೋಡಿ. ಅರ್ಧ ಹೊರಗೆ ಬಂದ ಥರ್ಮೋಕಪಲ್ ಕಡಿಮೆ ಉಷ್ಣತೆ ಹೇಳುತ್ತದೆ, ಕಂಟ್ರೋಲರ್ ಅದನ್ನು ನಂಬಿ ಹೀಟರ್ ಉರಿಸುತ್ತಲೇ ಇರುತ್ತದೆ. ಸ್ಕ್ರೂ ವೇಗವಾಗಿ ತಿರುಗಿದರೂ ಉಜ್ಜಾಟದಿಂದ ಬಿಸಿ ಏರುತ್ತದೆ.

ಉಷ್ಣತೆ ಸರಿಯಿದ್ದರೂ ಮಾಲು ಬ್ಯಾರೆಲ್‌ನಲ್ಲಿ ಕೂರುವ ಹೊತ್ತು ಹೆಚ್ಚಾಗಿರಬಹುದು. ಇದಕ್ಕೆ ಸೂತ್ರಕ್ಕಿಂತ ಸುಲಭದ ದಾರಿ ಇದೆ. ಗಂಟಲು ಖಾಲಿಯಾಗುತ್ತಾ ಬಂದಾಗ ಒಂದು ಹಿಡಿ ಬಣ್ಣದ ಪಾಲಿಕಾರ್ಬೊನೇಟ್ ಕಾಳು ಹಾಕಿ ಶಾಟ್ ಎಣಿಸಿ. ಪಾರ್ಟಿನಲ್ಲಿ ಬಣ್ಣ ಮೊದಲು ಕಂಡದ್ದು ಹದಿನೆಂಟನೆಯ ಶಾಟಿನಲ್ಲಿ, ಸೈಕಲ್ 40 ಸೆಕೆಂಡ್ ಅಂದರೆ ಹನ್ನೆರಡು ನಿಮಿಷ. ಅದೂ ಮುಂಚೂಣಿಯ ಕಾಳಿನ ಲೆಕ್ಕ, ಮೂಲೆಯಲ್ಲಿ ಸಿಕ್ಕ ಮಾಲು ಇನ್ನೂ ಹೆಚ್ಚು ಹೊತ್ತು ಕೂತಿರುತ್ತದೆ. ಬಿಸಿ ಮೇಲ್ಮಿತಿಯ ಹತ್ತಿರ ಇರುವಾಗ ಇಷ್ಟು ಹೊತ್ತು ಕೂತರೆ ನಾನು ಅನುಮಾನಿಸುತ್ತೇನೆ. ದೊಡ್ಡ ಮೆಷಿನ್ನಿನಲ್ಲಿ ಚಿಕ್ಕ ಪಾರ್ಟ್ ಹೊಡೆಯುವ ಕಡೆ ಈ ತೊಂದರೆ ತಪ್ಪದು, ಸೆಟ್ಟಿಂಗ್‌ನಲ್ಲಿ ಅದಕ್ಕೆ ಮದ್ದಿಲ್ಲ. ಚಿಕ್ಕ ಬ್ಯಾರೆಲ್ ಇರುವ ಮೆಷಿನ್ನಿಗೆ ಮೌಲ್ಡ್ ಸಾಗಿಸುವುದೇ ಸರಿ.

ಗೇಟಿನಲ್ಲೇ ಹುಟ್ಟುವ ಗೆರೆಗೆ ಇಂಜೆಕ್ಷನ್ ವೇಗವನ್ನು ಮೊದಲ ಹಂತದಲ್ಲಿ ಮಾತ್ರ ಅರ್ಧಕ್ಕೆ ಇಳಿಸಿ. ಗೆರೆ ಕರಗಿದರೆ ಗೇಟ್ ಚಿಕ್ಕದಿದೆ, ಅದರ ಅಂಚು ಚೂಪಾಗಿದೆ, ಇಲ್ಲವೇ ನಾಝಲ್ ರಂಧ್ರ ಕಿರಿದಾಗಿದೆ.

ಗಾಳಿ, ಮತ್ತು ಮೌಲ್ಡಿನೊಳಗಿನ ನೀರು

ಗಾಳಿಯದು ಬೇಗ ಮುಗಿಯುವ ಕೆಲಸ. ಸಕ್‌ಬ್ಯಾಕ್ (ಸ್ಕ್ರೂವನ್ನು ಹಿಂದಕ್ಕೆಳೆಯುವ ದೂರ) ಹೆಚ್ಚಿದ್ದರೆ ಸ್ಕ್ರೂ ಹಿಂದೆ ಸರಿಯುವಾಗ ನಾಝಲ್ ತುದಿಯಿಂದ ಗಾಳಿ ಎಳೆದುಕೊಳ್ಳುತ್ತದೆ, ಕಡಿಮೆ ಮಾಡಿ ನೋಡಿ. ಬ್ಯಾಕ್ ಪ್ರೆಶರ್ (ಸ್ಕ್ರೂ ಹಿಂದೆ ಸರಿಯುವುದನ್ನು ತಡೆಯುವ ಒತ್ತಡ) ತೀರಾ ಕಡಿಮೆ ಇದ್ದರೆ ಕಾಳಿನ ನಡುವಿನ ಗಾಳಿ ಹಾಪರ್ ಕಡೆಗೆ ಹಿಂದಿರುಗದೆ ಮಾಲಿನಲ್ಲೇ ಉಳಿಯುತ್ತದೆ, ಸ್ವಲ್ಪಸ್ವಲ್ಪವಾಗಿ ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಹತ್ತು ಶಾಟ್ ಕಾಯಿರಿ.

ಇನ್ನು ಕಾಳು, ಬ್ಯಾರೆಲ್ ಎರಡೂ ಸರಿಯಿದ್ದು ಗೆರೆ ಒಂದೇ ಕುಹರದಲ್ಲಿ, ಒಂದೇ ಮೂಲೆಯಲ್ಲಿ ಬರುತ್ತಿದ್ದರೆ ಮೌಲ್ಡ್ ಮೈಯನ್ನು ಒಣ ಟಿಶ್ಯೂ ಪೇಪರ್‌ನಿಂದ ಒರೆಸಿ. ಚಿಲ್ಲರ್ ನೀರಿನಲ್ಲಿ ಓಡುವ ಮೌಲ್ಡ್ ತೇವದ ಹವೆಯಲ್ಲಿ ಬೆವರುತ್ತದೆ. ಪಾಲಿಕಾರ್ಬೊನೇಟ್ ಮೌಲ್ಡ್ ಸಾಮಾನ್ಯವಾಗಿ 80 ಡಿಗ್ರಿ ಅಥವಾ ಅದಕ್ಕಿಂತ ಬಿಸಿ ಇರುವುದರಿಂದ ಬೆವರುವ ಮಾತಿಲ್ಲ. ಅಲ್ಲಿ ಪೇಪರ್ ಒದ್ದೆಯಾದರೆ ಓ-ರಿಂಗ್ ಸೋರುತ್ತಿದೆ ಅಥವಾ ಉಕ್ಕು ಬಿರುಕು ಬಿಟ್ಟಿದೆ. ಎಜೆಕ್ಟರ್ ಪಿನ್ನಿನ ಗ್ರೀಸ್ ಕೂಡ ಇಂಥದ್ದೇ ಗೆರೆ ಎಳೆಯುತ್ತದೆ, ಪೇಪರಿಗೆ ಎಣ್ಣೆ ಹತ್ತಿದರೆ ಗೊತ್ತಾಗುತ್ತದೆ.

ಗೆರೆ ಹೋದ ಮೇಲೆ

ಕೆಲಸ ಅರ್ಧ ಮಾತ್ರ ಮುಗಿದಿರುತ್ತದೆ. ಕರಗಿದ ಸ್ಥಿತಿಯಲ್ಲಿ ನೀರು ಪಾಲಿಕಾರ್ಬೊನೇಟಿನ ಉದ್ದ ಸರಪಳಿಯನ್ನು ಕಾರ್ಬೊನೇಟ್ ಕೊಂಡಿಯಲ್ಲೇ ಕತ್ತರಿಸುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಹಾಗಾಗಿ ಗುಳ್ಳೆಯಲ್ಲಿರುವುದು ಬರೀ ಆವಿಯಲ್ಲ, ಮುರಿದ ಮಾಲಿನ ಅನಿಲವೂ ಇದೆ. ಬ್ಯಾಕ್ ಪ್ರೆಶರ್ ಏರಿಸಿ ಅಥವಾ ಮೌಲ್ಡ್ ಬಿಸಿ ಮಾಡಿ ಗೆರೆಯನ್ನು ಮರೆಮಾಡಬಹುದು, ಕತ್ತರಿಸಿದ ಸರಪಳಿ ಕೂಡುವುದಿಲ್ಲ. ಸುತ್ತಿಗೆಯ ಏಟಿಗೆ ತಗ್ಗು ಬೀಳಬೇಕಾದ ಪಾರ್ಟ್ ಗಾಜಿನಂತೆ ಚೂರಾಗುತ್ತದೆ.

ಸರಪಳಿ ಮುರಿದಷ್ಟೂ ಕರಗಿದ ಮಾಲು ಸಲೀಸಾಗಿ ಹರಿಯುತ್ತದೆ, ಇದನ್ನು ಅಳೆಯಲು ಮೆಲ್ಟ್ ಫ್ಲೋ ಪರೀಕ್ಷೆ ಸಾಕು: ಐಎಸ್‌ಒ 1133ರ ಪ್ರಕಾರ 300 ಡಿಗ್ರಿ, 1.2 ಕಿಲೋ ತೂಕ. ಪಾರ್ಟನ್ನು ತುಂಡು ಮಾಡಿ, ಅದೇ ಲಾಟಿನ ಕಾಳಿನ ಜೊತೆ ಹೋಲಿಸಿ. ಎರಡನ್ನೂ ಒಣಗಿಸಿಯೇ ಅಳೆಯಬೇಕು. ಇಲ್ಲದಿದ್ದರೆ ಪರೀಕ್ಷೆಯ ಬಿಸಿಯಲ್ಲೇ ಸರಪಳಿ ಕತ್ತರಿಸಿ, ಇಲ್ಲದ ತಪ್ಪು ಕಾಣುತ್ತದೆ. ಕಾಳು 10 ನಿಮಿಷಕ್ಕೆ 10 ಗ್ರಾಂ ಹರಿದರೆ ಪಾರ್ಟ್ 11 ಅಥವಾ 12 ಹರಿಯುವುದು ಸಹಜ. 13 ದಾಟಿದರೆ, ಅಂದರೆ ಶೇ. 30ಕ್ಕಿಂತ ಹೆಚ್ಚು ಏರಿದರೆ, ನಾನು ಮಾಲು ತಡೆಹಿಡಿಯುತ್ತೇನೆ. ಫ್ಲೋ ಸರಿಯಿದ್ದೂ ಪಾರ್ಟ್ ಬಿರಿಯುತ್ತಿದ್ದರೆ ಕಾರಣ ಬೇರೆ: ಪಾರ್ಟಿನೊಳಗೆ ಉಳಿದ ಸೆಳೆತ, ಅಥವಾ ಜೋಡಣೆಯಲ್ಲಿ ತಗುಲಿದ ಸಾಲ್ವೆಂಟ್, ಎಣ್ಣೆ, ಸ್ವಚ್ಛಗೊಳಿಸುವ ದ್ರವ.

ನೈಲಾನ್ ಓಡಿಸುವವರು ಸುತ್ತಿಗೆ ಏಟಿನ ಅಳತೆಗೋಲನ್ನು ಹಾಗೇ ಎತ್ತಿಕೊಳ್ಳಬಾರದು. ನೈಲಾನ್ ಪಾರ್ಟ್ ಮೌಲ್ಡಿನಿಂದ ಬಂದಾಗ ಒಣಗಿರುತ್ತದೆ, ಗಡುಸಾಗಿರುತ್ತದೆ, ಗಾಳಿಯ ತೇವ ಹೀರಿದ ಮೇಲೆ ಹದಕ್ಕೆ ಬರುತ್ತದೆ. ಬಿಸಿಬಿಸಿ ಪಾರ್ಟನ್ನು ಏಟು ಹಾಕಿ ಮುರಿದು ಮಾಲು ಕೆಟ್ಟಿದೆ ಅನ್ನುವುದು ಅನ್ಯಾಯ. ನೀರಿನಲ್ಲಿ ನೆನೆಸಿ ತೇವ ಹೀರಿಸಿದ ಮೇಲೂ ಮುರಿದರೆ ಆಗ ಅನುಮಾನಿಸಿ.

ಕೊನೆಯದಾಗಿ ಗೆರೆ ಬಿದ್ದ ಪಾರ್ಟುಗಳು. ಅವನ್ನು ಗ್ರೈಂಡರ್‌ಗೆ ಹಾಕಿ ಹೊಸ ಕಾಳಿನ ಜೊತೆ ಬೆರೆಸುವ ಆಸೆ ಸಹಜ. ಗಾಳಿಯಿಂದ ಬಂದ ಗೆರೆಯಾದರೆ ಬೆರೆಸಬಹುದು, ಒಣಗಿಸಿ ಬಳಸಿ. ನೀರಿನಿಂದ ಅಥವಾ ಬಿಸಿಯಿಂದ ಬಂದದ್ದಾದರೆ ಮೆಲ್ಟ್ ಫ್ಲೋ ಅಂಕಿ ಕೈಗೆ ಬರುವ ತನಕ ಬೇರೆ ಚೀಲದಲ್ಲಿ ಕಟ್ಟಿ, ದಿನಾಂಕ, ಲಾಟ್ ನಂಬರ್, ಕಂಡುಕೊಂಡ ಕಾರಣ ಮೂರನ್ನೂ ಚೀಲದ ಮೇಲೆ ಬರೆದು, ಗ್ರೈಂಡರಿನಿಂದ ದೂರ ಇಡಿ.